ಸೀಟಪ್ಪನ ಪೀಠೋಪಕರಣ

ನನ್ನ ಗೆಳೆಯ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದವರು ಅವನಿಗಾಗಿ ಸಂತಾಪ ಸಭೆ ನಡೆಸಿದರು. ಮಾತನಾಡಿದವರೆಲ್ಲ ಅವನನ್ನು ‘ಮಹಾದಾನಿ’ ಎಂದರು, ‘ವಿದ್ಯಾಪ್ರೇಮಿ’ ಎಂದರು. ಸೀಟಪ್ಪ ಎಂದು ಒಬ್ಬರೂ ಅನ್ನಲಿಲ್ಲ. ಆ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದಿದ್ದರೆ ಅವನು ದುಡ್ಡು ಕೊಟ್ಟದ್ದು ಯಾತಕ್ಕೆ ಎಂಬುದೂ ಗೊತ್ತಾಗುತ್ತಿತ್ತು.

ಅವನು ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದ. ಎಷ್ಟೇ ತುಂಬಿದ ಬಸ್ಸಿನಲ್ಲೂ ನಿಲ್ಲಲಾಗದವರಿಗೆ ಒಂದು ಜಾಗ ಹುಡುಕಿ ಕೊಡುತ್ತಿದ್ದ. ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುವವರನ್ನು ಕಂಡರೆ, “ಏನ್ ಸ್ವಾಮಿ, ಚೀಲಕ್ಕೂ ಟಿಕೆಟ್ ತಗೊಂಡಿದೀರಾ? ಇಲ್ಲಾಂದ್ರೆ ಅದನ್ನ ತೊಡೆ ಮೇಲೆ ಕೂರಿಸ್ಕೊಳ್ಳಿ, ಈ ತಾಯಿ ಕೂತ್ಕೊಳ್ಲಿ” ಎನ್ನುತ್ತಿದ್ದ. ಬೈಯುವ ದನಿಯಲ್ಲ, ನಗಿಸುವ ದನಿ. ಹಿಂದಿನ ಬಾಗಿಲ ಬಳಿ ಕಂಡಕ್ಟರಿಗೆಂದು ಒಂದು ಸೀಟು ಇರುತ್ತದಲ್ಲ, ಅದರಲ್ಲಿ ಅವನು ಕೂತದ್ದನ್ನು ನಾನು ಕಂಡಿಲ್ಲ. ಅಲ್ಲಿ ಯಾವಾಗಲೂ ಒಬ್ಬ ಮುದುಕಿಯೋ ಬಸುರಿಯೋ ಇರುತ್ತಿದ್ದರು. ಡಿಪೋದವರು ಅವನಿಗೆ ಸೀಟಪ್ಪ ಎಂದು ಹೆಸರಿಟ್ಟರು. ಅದೇ ನಿಂತಿತು.

ನಮ್ಮಿಬ್ಬರ ಸ್ನೇಹ ಬೆಳೆದದ್ದು ವಿಶ್ವವಿದ್ಯಾಲಯದ ಸಂಜೆ ತರಗತಿಯಲ್ಲಿ. ಅವನು ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ, ನಾನು ಔಷಧಿ ಅಂಗಡಿಯ ಕೆಲಸ ಮುಗಿಸಿ. ನಮ್ಮಂಥವರಿಗೆ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ವಾಚನಾಲಯದಲ್ಲೇ ಓದಬೇಕು. ಅದೊಂದು ಉದ್ದನೆಯ ಕೋಣೆ. ಎತ್ತರದ ಕಿಟಕಿಗಳು, ಅವುಗಳ ಕೆಳಗೆ ಅಗಲವಾದ ಕಟ್ಟೆ. ಓದುವವರಿಗೆ ಹೋಲಿಸಿದರೆ ಕುರ್ಚಿಗಳು ಮಾತ್ರ ತೀರ ಕಡಿಮೆ. ಹಗಲಿನ ವಿದ್ಯಾರ್ಥಿಗಳು ಕರವಸ್ತ್ರ ಹಾಕಿ ಜಾಗ ಹಿಡಿದು ಚಹಾ ಕುಡಿಯಲು ಹೋಗುತ್ತಿದ್ದರು. ಖಾಲಿ ಕುರ್ಚಿಗಳ ಮೇಲೆ ಕರವಸ್ತ್ರಗಳು ಓದುತ್ತಿರುವಂತೆ ಕೂತಿರುತ್ತಿದ್ದವು.

“ನಿನ್ನ ಬಸ್ಸಾಗಿದ್ರೆ ಬಿಡ್ತಿದ್ಯಾ?” ಎಂದು ನಾನು ಕೆಣಕಿದ್ದೆ.

“ಬಸ್ಸಲ್ಲಿ ನಾನು ಕಂಡಕ್ಟರ್ ಕಣೋ. ಇಲ್ಲಿ ನಾನೂ ಪ್ಯಾಸೆಂಜರ್ರು” ಎಂದ.

ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಹರಡಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ನಿಂತೇ ಓದುತ್ತಿದ್ದ. ಹಗಲೆಲ್ಲ ನಿಂತ ಕಾಲು ಅವು. ಮೀನಖಂಡದಲ್ಲಿ ನರಗಳು ಹಗ್ಗದ ಹಾಗೆ ಗಂಟು ಕಟ್ಟಿದವು. “ಕೆಲಸದಲ್ಲಿ ನಿಲ್ಲೋದೋ ಓದಿನಲ್ಲಿ ನಿಲ್ಲೋದೋ, ಒಂದನ್ನ ಆರಿಸ್ಕೊ” ಎಂದರು ಡಾಕ್ಟರು. ಮನೆ ನಡೆಯಬೇಕಿತ್ತು. ಕೊನೆಯ ವರ್ಷದ ಪರೀಕ್ಷೆಗೆ ಮೊದಲೇ ಅವನು ಓದು ಬಿಟ್ಟ. ನಾನು ಪಾಸಾಗಿ ಮೇಷ್ಟ್ರಾದೆ.

ಅವನು ಮದುವೆಯಾಗಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಕ್ಕನೊಂದಿಗೆ ಇದ್ದ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರ ಮಾತನ್ನಾದರೂ ನಡುವೆ ಕತ್ತರಿಸುವ ಅಭ್ಯಾಸ ಅವರಿಗೆ ಅಲ್ಲಿಂದ ಬಂದದ್ದೆಂದು ಸೀಟಪ್ಪ ಹೇಳುತ್ತಿದ್ದ. ಮನೆಯಲ್ಲಿ ಅವನದೆಂದು ಒಂದು ಬೆತ್ತದ ಕುರ್ಚಿ ಇತ್ತು. ನಿವೃತ್ತಿಯ ನಂತರ ಅದರಲ್ಲಿ ಕೂತು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಬಿಟ್ಟ ಓದನ್ನು ಮುಂದುವರಿಸಿದ. ಬೆತ್ತ ಅವನ ಆಕಾರಕ್ಕೆ ಇಳಿದುಬಿಟ್ಟಿತ್ತು.

ಅಪ್ಪ ಬಿಟ್ಟುಹೋದ ಸೈಟೊಂದು ಊರಾಚೆ ಖಾಲಿ ಬಿದ್ದಿತ್ತು. ಅಕ್ಕ ತಮ್ಮ ಮಾತಾಡಿಕೊಂಡು ಅದನ್ನು ಮಾರಿದರು. ಬಂದದ್ದನ್ನೆಲ್ಲ ವಾಚನಾಲಯದ ಕುರ್ಚಿಗಳಿಗೆ ಕೊಡುವುದೆಂದು ಅವನು ನಿಶ್ಚಯಿಸಿದ.

“ವಿಲ್ ಬರೆದಿಡು. ಹೋದ ಮೇಲೆ ಸೇರ್ಲಿ” ಎಂದೆ.

“ಹೋದ ಮೇಲೆ ಕೊಟ್ರೆ ಕೂತ್ರೋ ಇಲ್ವೋ ಅಂತ ನೋಡೋರ್ಯಾರು? ಇದ್ದಾಗಲೇ ಕೊಡ್ತೀನಿ. ಬಾಗಿಲಲ್ಲಿ ನಿಂತು ಒಂದ್ಸಲ ನೋಡ್ಬೇಕು ಕಣೋ, ಒಬ್ರೂ ನಿಂತಿರಬಾರದು.”

ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ವಿಶ್ವವಿದ್ಯಾಲಯದ ದೇಣಿಗೆ ವಿಭಾಗದ ಅಧಿಕಾರಿ ಸಭ್ಯ ಮನುಷ್ಯ. ಎದ್ದು ನಿಂತು ಸ್ವಾಗತಿಸಿದರು, ಚಹಾ ತರಿಸಿದರು. ದಾನದ ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆದು ತರಲು ಹೇಳಿದರು. ಸೀಟಪ್ಪ ಆ ವಾಕ್ಯವನ್ನು ದಿನಗಟ್ಟಲೆ ತಿದ್ದಿದ. “ಟಿಕೆಟ್ ಇದ್ದ ಹಾಗಿರಬೇಕು. ಎಲ್ಲಿಂದ ಎಲ್ಲಿಗೆ ಅಂತ ನೋಡಿದ್ರೇ ಗೊತ್ತಾಗಬೇಕು” ಎನ್ನುತ್ತಿದ್ದ. ಕೊನೆಗೆ ಬರೆದುಕೊಂಡು ಹೋದದ್ದು ಇದು: ‘ವಾಚನಾಲಯಕ್ಕೆ ಓದಲು ಬಂದವರು ನಿಂತು ಓದಬಾರದು, ಅವರಿಗೆ ಕುರ್ಚಿ, ಮೇಜು.’

ಅಧಿಕಾರಿ ಓದಿ ನಕ್ಕರು. “ಭಾವನೆ ಚೆನ್ನಾಗಿದೆ ಸಾರ್. ಆದ್ರೆ ದಾನಪತ್ರದ ಭಾಷೆ ಅಲ್ಲ ಇದು. ‘ಓದುಗರ ಪೀಠೋಪಕರಣಗಳಿಗಾಗಿ’ ಅಂತ ಹಾಕೋಣ.”

“ಪೀಠೋಪಕರಣ ಅಂದ್ರೆ ಫರ್ನಿಚರ್ರೇ ತಾನೇ?” ಜೊತೆಗೆ ಹೋಗಿದ್ದ ಅಕ್ಕ ಕೇಳಿದರು.

“ಅದೇ ಅಮ್ಮಾ. ಕುರ್ಚಿ, ಮೇಜು, ಬೆಂಚು, ಎಲ್ಲ ಬಂತು.”

ಸಹಿಗೆ ಕರೆದ ದಿನ ನೋಡಿದರೆ, ಟೈಪಾದ ಪ್ರತಿಯಲ್ಲಿ ‘ಓದುಗರ’ ಹೋಗಿತ್ತು. ‘ಪೀಠ, ಉಪಕರಣ ಹಾಗೂ ತತ್ಸಂಬಂಧಿ ವೆಚ್ಚಗಳಿಗಾಗಿ’ ಎಂದಿತ್ತು. ಸೀಟಪ್ಪ ಕೇಳದೆ ಬಿಡಲಿಲ್ಲ.

“ಸಂಧಿ ಬಿಡಿಸಿದೀವಿ ಸಾರ್, ಅಷ್ಟೇ” ಎಂದರು ಅಧಿಕಾರಿ. “ಪೀಠ ಪ್ಲಸ್ ಉಪಕರಣ, ಪೀಠೋಪಕರಣ. ಶಾಲೇಲಿ ಕಲಿತಿರ್ತೀರಲ್ಲ, ಗುಣಸಂಧಿ. ಆಡಿಟ್‌ನೋರಿಗೆ ಬಿಡಿಸಿ ಬರೆದ್ರೆ ಅನುಕೂಲ. ವಾಚನಾಲಯ ಅಂತ ಮೇಲೆ ಇದ್ದೇ ಇದೆ.”

ಮೇಲೆ ಇತ್ತು, ನಿಜ: ‘ವಾಚನಾಲಯದ ಕಟ್ಟಡದಲ್ಲಿ’ ಎಂದು. ಸೀಟಪ್ಪನಿಗೆ ವ್ಯಾಕರಣದ ಮೇಲೆ ಗೌರವ. ಸಂಧಿ ಬಿಡಿಸಿದರೆ ಅರ್ಥ ಬದಲಾಗದು ಎಂದು ಶಾಲೆಯಲ್ಲಿ ಕಲಿತಿದ್ದ. ಸಹಿ ಹಾಕಿದ. ಆ ಸಂಜೆ ನನ್ನ ಮನೆಗೆ ಬಂದು, ಗುಣಸಂಧಿ ಇನ್ನೂ ನೆನಪಿದೆ ನೋಡು ಎಂದು ಹೆಮ್ಮೆಯಿಂದ ಹೇಳಿಕೊಂಡ.

ಕೆಲವು ತಿಂಗಳ ಮೇಲೆ ಉದ್ಘಾಟನೆಯ ಆಹ್ವಾನ ಬಂತು. ಅಕ್ಕ ಅವನ ಬಿಳಿ ಶರ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರು. ಮೂವರೂ ಹೋದೆವು. ವಾಚನಾಲಯದ ಪಕ್ಕ ಮೊದಲು ಉಗ್ರಾಣವಾಗಿದ್ದ ಕೋಣೆಗೆ ಹೊಸ ಬಾಗಿಲು, ಹೊಳೆಯುವ ಫಲಕ. ಅದರ ಮೇಲೆ ಅವನ ಪೂರ್ತಿ ಹೆಸರು, ಕೆಳಗೆ ‘ಸಾರಿಗೆ ಮತ್ತು ಸಮಾಜ ಅಧ್ಯಯನ ಪೀಠ’. ಒಳಗೆ ನೆಲಹಾಸು, ಎ.ಸಿ., ತಿರುಗುವ ಒಂದು ದೊಡ್ಡ ಕುರ್ಚಿ. ಆ ಕುರ್ಚಿಯಲ್ಲಿ, ಹಿಂದಿನ ವರ್ಷ ನಿವೃತ್ತರಾಗಿದ್ದ ಪ್ರೊಫೆಸರು.

ಸೀಟಪ್ಪ ಹೊರಗೆ ಬಂದು ಪಕ್ಕದ ವಾಚನಾಲಯಕ್ಕೆ ಇಣುಕಿದ. ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ಚೀಲವನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಒಬ್ಬ ಹುಡುಗಿ ನಿಂತು ಓದುತ್ತಿದ್ದಳು. ಅವನು ಅಧಿಕಾರಿಯತ್ತ ತಿರುಗಿದ.

“ಸೀಟು ಎಲ್ಲಿ ಸಾರ್?”

“ಇದೇ ಸಾರ್ ಪೀಠ. ಇನ್ನು ಉಪಕರಣ... ಎ.ಸಿ., ಕಂಪ್ಯೂಟರ್, ಎಲ್ಲ ಪತ್ರದ ಪ್ರಕಾರವೇ ಆಗಿದೆ.”

ಮನೆಗೆ ಬಂದ ಮೇಲೆ ಅಕ್ಕ ಸುಮ್ಮನಿರಲಿಲ್ಲ. “ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸಬಾರದು ಅಂತಾರೆ. ಇವರು ಎಮ್ಮೆ ಕಟ್ಟಿಕೊಂಡು, ಕೊಟ್ಟೋನ ಹಲ್ಲು ಎಣಿಸಿ ಕಳಿಸಿದ್ರು. ಗುಣಸಂಧಿಯಂತೆ! ಗುಣ ಬಿಟ್ಟರು, ಸಂದಿಯಲ್ಲಿ ನುಗ್ಗಿದರು.”

ಸೀಟಪ್ಪ ನಗಲಿಲ್ಲ. ಮತ್ತೆ ಅಧಿಕಾರಿಯ ಬಳಿ ಹೋದ. ದಾನಿ ಬದುಕಿರುವವರೆಗೆ ಎರಡೂ ಕಡೆಯವರು ಒಪ್ಪಿ ಉದ್ದೇಶವನ್ನು ತಿದ್ದಬಹುದು ಎಂದು ಪತ್ರದಲ್ಲೇ ಇದೆ, ಸಮಿತಿಯ ಮುಂದೆ ಇಡುತ್ತೇನೆ ಎಂದರು ಅವರು. ಆ ಭರವಸೆಯನ್ನು ಅವನು ಟಿಕೆಟ್ಟಿನಂತೆ ಕೈಯಲ್ಲಿ ಹಿಡಿದುಕೊಂಡ. ಆದರೆ ಆ ಹೊತ್ತಿಗೆ ಅವನಿಗೆ ಉಸಿರು ಕಟ್ಟಲು ಶುರುವಾಗಿತ್ತು. ಹೃದಯ ಹಿಗ್ಗಿದೆ ಎಂದರು ಡಾಕ್ಟರು. “ಹೃದಯ ದೊಡ್ಡದಾಗಿದೆಯಂತೆ. ನಮಗೆ ಮೊದಲೇ ಗೊತ್ತಿತ್ತು. ಅದಕ್ಕೆ ಫೀಸು ಬೇರೆ ತಗೊಂಡ್ರು” ಎಂದರು ಅಕ್ಕ. ಹಾಗೆಂದು ಒಳಕೋಣೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಮಿತಿ ಮೊದಲು ಅಧ್ಯಕ್ಷರು ಪ್ರವಾಸದಲ್ಲಿದ್ದಾರೆಂದು ಸೇರಲಿಲ್ಲ. ಆಮೇಲೆ ಸೇರಿತು, ಕೋರಂ ಆಗಲಿಲ್ಲ. ಆಮೇಲೆ ಪ್ರೊಫೆಸರು ಆಕ್ಷೇಪಣೆ ಕೊಟ್ಟರು. ಒಮ್ಮೆ ಅವರೇ ಸೀಟಪ್ಪನನ್ನು ಒಳಗೆ ಕರೆದರು. ನಾನೂ ಜೊತೆಗಿದ್ದೆ.

“ನೋಡಿ, ಕುರ್ಚಿ ಮುರಿಯುತ್ತೆ. ಪೀಠ ಶಾಶ್ವತ. ನಿಮ್ಮ ಹೆಸರು ಉಳಿಯುತ್ತೆ” ಎಂದರು.

“ಹೆಸರು ನಿಂತೇ ಇರ್ಲಿ ಸಾರ್, ಅದಕ್ಕೆ ಕಾಲಿಲ್ಲ. ಓದೋ ಮಕ್ಕಳಿಗಿದೆ.”

“ಸಂಶೋಧನೆಯಿಂದ ಸಾವಿರಾರು ಜನಕ್ಕೆ ಉಪಯೋಗ ಇದೆ.”

“ಇರಬಹುದು. ಕೂರೋದು ಮಾತ್ರ ನೀವೊಬ್ಬರೇ ಅಲ್ವಾ?”

ಪ್ರೊಫೆಸರು ಕನ್ನಡಕ ಒರೆಸಿಕೊಂಡರು. ಅವರು ಕೆಟ್ಟವರೆಂದು ಹೇಳಲಾರೆ. ಒಂದೆರಡು ಒಳ್ಳೆಯ ಪುಸ್ತಕ ಬರೆದವರು, ನಾನೇ ಓದಿದ್ದೇನೆ. ಕುರ್ಚಿಯೊಂದು ಸಿಕ್ಕಿತು, ಬಿಡಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ದಿನಾ ಕಾಣುವ ಸಂಗತಿಯೇ. ಅಲ್ಲಾದರೆ ಎಬ್ಬಿಸುವುದಕ್ಕೆ ಒಬ್ಬ ಕಂಡಕ್ಟರ್ ಇದ್ದ.

ಅವನನ್ನು ಆಸ್ಪತ್ರೆಗೆ ಸೇರಿಸಿದ ವಾರ, ಸಮಿತಿಯ ಸಭೆಗೆ ಮತ್ತೆ ದಿನ ಗೊತ್ತುಮಾಡಿದ್ದರು. “ಅಲ್ಲೀವರೆಗೆ ಇದ್ರೆ ಸಾಕು ಕಣೋ” ಎಂದ. “ಬಿಡಿಸಿದ ಆ ಎರಡು ಪದನ ಮತ್ತೆ ಸೇರಿಸಿಬಿಟ್ರೆ ಆಯ್ತು. ಮುಂದೆ ಹೇಗಾದ್ರೂ ಆಗ್ಲಿ.” ನಾನು ಮಂಚದ ಬಳಿ ನಿಂತಿದ್ದೆ. ಮಾತಾಡಲು ಕಷ್ಟವಾಗುತ್ತಿದ್ದರೂ ಅವನು ಕಣ್ಣು ಹೊರಳಿಸಿ ವಾರ್ಡನ್ನೆಲ್ಲ ನೋಡಿ, ಮೂಲೆಯ ಕಡೆ ಬೆರಳು ತೋರಿಸಿದ. “ಅಲ್ಲೊಂದು ಸ್ಟೂಲ್ ಖಾಲಿ ಇದೆ. ಎಳ್ಕೊ.”

ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಾರನೆಯ ಬೆಳಿಗ್ಗೆ ಹೋದ.

ಸಮಿತಿಯ ಸಭೆ ಗೊತ್ತುಮಾಡಿದ ದಿನವೇ ನಡೆಯಿತು. ಈ ಸಲ ಕೋರಂ ಇತ್ತು. ಅಕ್ಕನಿಗೆ ಬಂದ ಪತ್ರವನ್ನು ನಾನೇ ಓದಿ ಹೇಳಿದೆ: ದಾನಿಗಳು ಈಗ ನಮ್ಮೊಂದಿಗಿಲ್ಲದ ಕಾರಣ, ಉದ್ದೇಶದ ಬಗ್ಗೆ ಅವರಿಂದ ಸ್ಪಷ್ಟನೆ ಪಡೆಯಲು ಸಾಧ್ಯವಾಗುತ್ತಿಲ್ಲ; ಆದ್ದರಿಂದ ಸದ್ಯದ ಅರ್ಥವನ್ನೇ ಮುಂದುವರಿಸಲು ತೀರ್ಮಾನಿಸಲಾಗಿದೆ. ಅದರ ಕೆಳಗೆ ಸಂತಾಪ ಸಭೆಯ ಆಹ್ವಾನ.

“ಇದ್ದಾಗ ಬಾಯಿಬಿಟ್ಟು ಹೇಳಿದ್ದು ಅರ್ಥ ಆಗ್ಲಿಲ್ಲ” ಎಂದರು ಅಕ್ಕ. “ಈಗ ಸ್ಪಷ್ಟನೆ ಬೇಕಂತೆ. ಕನೆಕ್ಷನ್ ಕೊಡ್ಲಾ ಮೇಷ್ಟ್ರೇ?”

ಸಂತಾಪ ಸಭೆಗೆ ಅಕ್ಕ ಅವನ ಬೆತ್ತದ ಕುರ್ಚಿಯನ್ನು ಆಟೋದಲ್ಲಿ ಹೇರಿಸಿಕೊಂಡು ಬಂದರು. ಸಭೆಗೆ ಮೊದಲು ಅದನ್ನು ನಾವಿಬ್ಬರೂ ಹಿಡಿದುಕೊಂಡು ವಾಚನಾಲಯಕ್ಕೆ ಹೋಗಿ, ಅವನು ನಿಲ್ಲುತ್ತಿದ್ದ ಕಿಟಕಿಯ ಬಳಿ ಇಟ್ಟೆವು. ನಾವು ತಿರುಗುವಷ್ಟರಲ್ಲಿ, ನಿಂತಿದ್ದ ಒಬ್ಬಳು ಪುಸ್ತಕದಿಂದ ಕಣ್ಣೆತ್ತದೆ ಅದರಲ್ಲಿ ಕೂತಳು. ಅಕ್ಕ ನನ್ನ ತೋಳು ಹಿಡಿದುಕೊಂಡರು.

ಮುಂದಿನ ವಾರ ನಾವಿಬ್ಬರೂ ಹೋಗಿ ನೋಡಿದರೆ ಕಿಟಕಿಯ ಬಳಿ ಕುರ್ಚಿ ಇರಲಿಲ್ಲ. ಪೀಠದ ಕೋಣೆಯಲ್ಲಿತ್ತು. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಮೇಲೆ ಹಳೆಯ ಪತ್ರಿಕೆಗಳ ಕಟ್ಟು.

“ದಾಖಲೆಗೆ ಸೇರಿಸಿದ್ವಿ ಅಮ್ಮಾ” ಎಂದರು ಅಧಿಕಾರಿ, ವಿನಯದಿಂದಲೇ. “ಅವರ ನೆನಪಿನ ವಸ್ತು. ಅವರ ಪೀಠದಲ್ಲೇ ಇರೋದು ಸರಿ ಅಲ್ವಾ?”

ಅಕ್ಕ ಪತ್ರಿಕೆಗಳ ಕಟ್ಟನ್ನು ಎತ್ತಿ ತಿರುಗುವ ಕುರ್ಚಿಯ ಮೇಲೆ ಇಟ್ಟರು. ಬೆತ್ತದ ಕುರ್ಚಿಯನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟರು. ಅಧಿಕಾರಿ “ಅಮ್ಮಾ, ಅಮ್ಮಾ, ನಂಬರು ಬಿದ್ದಿದೆ ಅದಕ್ಕೆ” ಎನ್ನುತ್ತ ಗೇಟಿನವರೆಗೂ ಬಂದು ನಿಂತುಬಿಟ್ಟರು.

ನಾವು ಹತ್ತಿದ ಬಸ್ಸು ತುಂಬಿತ್ತು. ಒಬ್ಬರೂ ಏಳಲಿಲ್ಲ. ಕಂಡಕ್ಟರ್ ಬಂದು ಕುರ್ಚಿಯನ್ನೂ ಅಕ್ಕನನ್ನೂ ನೋಡಿ, “ಅಜ್ಜಿ, ಅದಕ್ಕೆ ಲಗೇಜ್ ಟಿಕೆಟ್ ಆಗುತ್ತೆ” ಎಂದ.

“ಕೊಡಪ್ಪಾ” ಎಂದು ಅಕ್ಕ ದುಡ್ಡು ಕೊಟ್ಟರು. ಆಮೇಲೆ ಕುರ್ಚಿಯನ್ನು ನಡುದಾರಿಯಲ್ಲಿ ಊರಿ, ಅದರಲ್ಲಿ ಕೂತರು.

“ಹಾಗೆಲ್ಲ ಕೂರಂಗಿಲ್ಲ ಅಜ್ಜಿ. ಓಡಾಡೋರಿಗೆ ಅಡ್ಡ ಆಗುತ್ತೆ.”

“ಟಿಕೆಟ್ ತಗೊಂಡಿದೀನಿ. ಸೀಟು ನನ್ನ ತಮ್ಮಂದು. ಎಬ್ಬಿಸೋದಿದ್ರೆ ಅವನನ್ನ ಕರ್ಕೊಂಡು ಬಾ” ಎಂದರು ಅಕ್ಕ.

ಅವನು ನನ್ನ ಮುಖ ನೋಡಿದ. ನಾನು ಕಂಬಿ ಹಿಡಿದು ನಿಂತಿದ್ದೆ. “ಸ್ವಲ್ಪ ಮುಂದೆ ಹೋಗಿ ಸಾರ್” ಎಂದು ನನ್ನನ್ನು ಸರಿಸಿ, ಅಕ್ಕನನ್ನು ಸುತ್ತಿ ಬಳಸಿ ಹೋದ.