ಸತ್ತವರ ನಿದ್ದೆ

ಹಾಡಲು ತೊಡಗಿದರೆ ಅವರ ಬಲಗೈ ತಾನಾಗಿ ಮೇಲೆದ್ದು ಕಿವಿಯನ್ನು ಮುಚ್ಚುತ್ತಿತ್ತು. ಸಂಧಿವಾತಕ್ಕೆ ಸೊಟ್ಟಗಾದ ಬೆರಳುಗಳು, ಮುಚ್ಚಿದ ಕಣ್ಣು. ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಎಂಬತ್ತು ದಾಟಿದ ಆ ಇಂಗ್ಲಿಷ್ ಹೆಂಗಸು ಬಟ್ಟೆ ಒಣಹಾಕುವಾಗ, ಆಲೂಗಡ್ಡೆ ಸುಲಿಯುವಾಗ, ತಮ್ಮ ಅಜ್ಜಿಯಿಂದ ಕಲಿತ ಹಳೆಯ ಕಥೆಹಾಡುಗಳನ್ನು ಹೇಳಿಕೊಳ್ಳುತ್ತಿದ್ದರು. ಬಹುಪಾಲು ಸತ್ತವರವೇ: ಮುಳುಗಿದ ನಾವಿಕ, ಗೋರಿಯಿಂದೆದ್ದು ಬಂದು ಬಾಗಿಲು ತಟ್ಟುವ ಮಕ್ಕಳು. ದನಿಯಲ್ಲಿ ಮಾತ್ರ ಅಳು ಇರುತ್ತಿರಲಿಲ್ಲ. "ಕಥೆಯೇ ಅಳುತ್ತೆ, ನಾವು ಅಡ್ಡ ಬರಬಾರದು," ಎನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡರು. ನಮ್ಮ ಕುಂದಾಪುರದಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ; ನಾನು ದಿನವೂ ತಟ್ಟೆ ಬಡಿಸಿ, ಎದುರು ಕೂತು ಅಳುತ್ತಿದ್ದೆ. ವರ್ಷ ಕಳೆದರೂ ನಿಲ್ಲಲಿಲ್ಲ. ಕೆಲಸ ಬಿಟ್ಟೆ. ಊರಿನವರ ಫೋನು ಎತ್ತುತ್ತಿರಲಿಲ್ಲ. ಗೋಡೆಯಾಚೆ ಎಲ್ಲ ಕೇಳಿಸಿರಬೇಕು. ಒಂದು ಮಧ್ಯಾಹ್ನ ಪಕ್ಕದ ಮನೆಯ ಆ ಅಜ್ಜಿ ಬಂದು, ತಟ್ಟೆ ಇಟ್ಟಿದ್ದ ಜಾಗ ಬಿಟ್ಟು ನನ್ನ ಪಕ್ಕ ಕೂತರು.

"ನನ್ನ ಮಗಳು ಒಂಬತ್ತು ವರ್ಷಕ್ಕೇ ಹೋದಳು, ಮಗೂ. ನಾನೂ ಹೀಗೇ ಅತ್ತೆ. ಒಂದು ಸಂಜೆ ನೋಡ್ತೀನಿ, ಮೆಟ್ಟಿಲ ಮೇಲೆ ನಿಂತಿದಾಳೆ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. 'ಅಮ್ಮಾ, ನಿನ್ನ ಕಣ್ಣೀರಿಗೆ ನನ್ನ ಹಾಸಿಗೆಯೆಲ್ಲ ಒದ್ದೆ, ನಿದ್ದೆ ಬರ್ತಿಲ್ಲ' ಅಂದಳು."

"ನಿಜವಾಗಿ ಕಂಡಿರಾ?"

"ಗೊತ್ತಿಲ್ಲ. ಮೇಲೆ ಹೋಗಿ ಅವಳ ಹಾಸಿಗೆಗೆ ಒಣ ಚಾದರ ಹಾಸಿದೆ. ಅಳು ನಿಲ್ಲಿಸಿದೆ. ಮತ್ತೆ ಬರಲಿಲ್ಲ." ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಅತ್ತರೆ ಬರ್ತಾಳೇನೋ ಅಂತ ಎಷ್ಟೋ ಸಲ ಅನ್ನಿಸಿದೆ. ಅತ್ತಿಲ್ಲ."

ಅವರು ಹೋದ ಮೇಲೆ ತಟ್ಟೆ ತೊಳೆದೆ. ಬೆನ್ನ ಹಿಂದೆ ಯಾರೋ ನಿಂತಂತಿತ್ತು. ತಿರುಗಿ ನೋಡಬೇಕೆಂದು ಜೀವ ತುಡಿಯಿತು. ನೋಡಲಿಲ್ಲ. ತಟ್ಟೆ ಒರೆಸಿ ಒಳಗಿಟ್ಟೆ. ಆ ತಿಂಗಳಲ್ಲೇ ಮತ್ತೆ ಕೆಲಸಕ್ಕೆ ಸೇರಿದೆ.

ಕಳೆದ ಚಳಿಗಾಲ ಅವರು ಆಸ್ಪತ್ರೆ ಸೇರಿದರು. ಹಾಡುವಷ್ಟು ಉಸಿರು ಉಳಿದಿರಲಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಕಂಡು ಕೈ ಹಿಡಿದುಕೊಂಡರು.

"ಹೂಳುವ ದಿನ ಅಳು. ಆಮೇಲೆ ಬೇಡ. ನಾನು ಮಲಗೋದು ನನ್ನ ಮಗಳ ಪಕ್ಕದಲ್ಲಿ."

ಹೂಳುವ ದಿನ ಮನಸಾರೆ ಅತ್ತೆ. ಮರುದಿನ ಅವರ ಮನೆಯ ಕಡೆಯ ಗೋಡೆಗೆ ಒರಗಿ ಕೂತೆ. ಅವರ ಗೋರಿಯ ಪಕ್ಕದಲ್ಲೇ ಒಂದು ಮಗು ಮಲಗಿದೆ ಎಂದು ನೆನೆದು, ಬಂದ ಅಳುವನ್ನು ನುಂಗಿಕೊಂಡೆ.