ಅಜ್ಜನ ಗಾಡಿಯ ಕರಿ ತೊಗಲು

ಪುಟ್ಟಿ, ಅಪ್ಪಿ,

ನೀವು ದೊಡ್ಡವರಾದ ಮೇಲೆ ಅಜ್ಜನ ಗಾಡಿ ನಿಮ್ಮ ಕೈಗೆ ಬರುತ್ತದೆ. ಆಗ ಹೇಳುವುದಕ್ಕೆ ನಾನು ಇರುತ್ತೇನೋ ಇಲ್ಲವೋ. ಇದ್ದರೂ ನಾಲ್ಕು ಜನ ಕೂಡಿದಲ್ಲಿ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉಪ್ಪಿನಬೆಟಗೇರಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ತಿದ್ದಿದ ಅಕ್ಷರ ಇವು. ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದಿ.

ಅಜ್ಜ ಉಣಕಲ್ಲಿನ ಈ ಮನೆಯಿಂದ ಹುಬ್ಬಳ್ಳಿಯ ಹತ್ತಿ ಅಂಗಡಿಗೆ ದಿನಾ ಆ ಮೋಟರ್‌ಸೈಕಲ್ಲಿನ ಮೇಲೆಯೇ ಹೋಗಿಬರುತ್ತಿದ್ದರು. ಕೆಂಪು ಟ್ಯಾಂಕು. ಎರಡೂ ಬದಿಗೆ ಅವರ ಮೊಣಕಾಲು ತಾಗಿ ತಾಗಿ ಬಣ್ಣ ಸವೆದು, ಅಲ್ಲಿ ಮಾತ್ರ ಗುಲಾಬಿಯಾಗಿತ್ತು. ಟ್ಯಾಂಕಿನ ತಳದಲ್ಲಿ, ಸೀಟಿನ ಕಡೆಯ ಮೂಲೆಯನ್ನು ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಮೊದಲ ಸಲ ಪೆಟ್ರೋಲು ಜಿನುಗಿದಾಗ ಅಜ್ಜ ನನ್ನನ್ನು ಕರೆದು, "ಬಟ್ಟಿ ಸಾಬಾಣ ತಗೊಂಡ ಬಾ" ಅಂದರು. ಸಾಬೂನಿನ ಚೂರನ್ನು ಹೆಬ್ಬೆರಳಿನಿಂದ ತೂತಿಗೆ ಒತ್ತಿ ತಿಕ್ಕಿದರು. ಜಿನುಗು ನಿಂತಿತು.

"ಬೆಸುಗಿ ಹಾಕಸ್ರಿ" ಅಂದೆ.

"ಹಾಕಸೂಣು. ಅಲ್ಲೀತನಾ ನಿನ್ನ ಸಾಬಾಣ ಐತಲ್ಲ" ಎಂದು ನಕ್ಕರು.

ಬೆಸುಗೆಗೆ ಮುಂಚೆ ಅವರೇ ಹೋದರು. ಎದೆನೋವು ಅಂದವರು ದವಾಖಾನೆಯಿಂದ ಮರಳಿ ಬರಲಿಲ್ಲ. ಗಾಡಿ ಹಿತ್ತಲ ತಗಡಿನ ಕೆಳಗೆ ಬರಿದಾದ ಟ್ಯಾಂಕಿನೊಂದಿಗೆ ನಿಂತಿತು. ನಾನು ಅತ್ತ ನೋಡದೆ ಬಟ್ಟೆ ಒಣಹಾಕುತ್ತಿದ್ದೆ.

ಈ ವರ್ಷ ದಸರೆಯ ಖಂಡೇಪೂಜೆ ಹತ್ತಿರ ಬಂದಾಗ ನಿಮ್ಮ ಅಪ್ಪ ಗಾಡಿಯನ್ನು ಹೊರಗೆ ತೆಗೆದ. ಬಣ್ಣ ಹಾಕಿಸುತ್ತಾನೆ ಎಂದುಕೊಂಡರೆ, ಸ್ಪ್ರೇ ಡಬ್ಬಿಗಳಲ್ಲಿ ಅದೇನೋ ರಬ್ಬರ್ ಬಣ್ಣ ತಂದಿದ್ದ. ಊದಿದರೆ ಬಣ್ಣದಂತೆ ಕೂರುತ್ತದೆ, ಬೇಡವಾದರೆ ಸಿಪ್ಪೆಯಂತೆ ಸುಲಿದು ತೆಗೆಯಬಹುದು.

"ಅಪ್ಪನ ಬಣ್ಣಾ ಒಳಗ ಹಂಗ ಇರ್ತೈತಿ ಬೇ. ಮೊಣಕಾಲಿಂದು ಸೈತ. ಯಾವಾಗ ಬೇಕಂದ್ರ ಆವಾಗ ತಗದು ನೋಡಬಹುದು" ಅಂದ. ಅಂಥದ್ದಕ್ಕೆ ನಾನು ಬೇಡ ಅನ್ನುವುದು ಹೇಗೆ?

ಟ್ಯಾಂಕನ್ನು ಕಳಚಿ, ಬಿಸಿನೀರು ಸಾಬೂನಿನಪುಡಿ ಹಾಕಿ ತಿಕ್ಕಿ ತೊಳೆದ. ತಳದ ಮೂಲೆಯ ತೂತಿನ ಮಾತು ತೆಗೆದೆ.

"ಗೊತ್ತೈತಿ. ಆ ಸಾಬಾಣನೂ ತೊಳದೇನಿ. ಮ್ಯಾಲೆ ರಬ್ಬರ್ ಕುಂತ ಮ್ಯಾಲೆ ಅದ ಹಿಡೀತೈತಿ. ಟ್ಯೂಬಿಗೆ ಪಂಕ್ಚರ್ ತಗದಂಗ ಆತು."

"ನೀರಿಗೆ ಹಿಡೀತೈತಿ. ಪೆಟ್ರೋಲಿಗೆ?"

"ರಬ್ಬರ್ ಅಂದ್ರ ರಬ್ಬರ್ ಬೇ."

ಬಟ್ಟೆ ತಂತಿಗೆ ಟ್ಯಾಂಕನ್ನು ನೇತುಹಾಕಿ, ತೆಳ್ಳಗೆ ಒಂದು ಸಲ ಊದಿ ಆರಲು ಬಿಟ್ಟು, ಮತ್ತೆ ಊದಿ, ಮತ್ತೆ ಬಿಟ್ಟು, ಅವನು ಮಾಡಿದ್ದು ತಾಳ್ಮೆಯ ಕೆಲಸವೇ. ಪದರು ದಪ್ಪವಾಗದಿದ್ದರೆ ಸುಲಿಯುವಾಗ ಹರಿಯುತ್ತದಂತೆ. ಅಂಚಿನಲ್ಲಿ ಒಂದು ಬೆರಳಷ್ಟು ಸುಲಿದು ತೋರಿಸಿದ. ಕುದಿಸಿದ ಬಟಾಟಿಯ ಸಿಪ್ಪೆಯಂತೆ ಎದ್ದುಬಂತು, ಕೆಳಗೆ ಕೆಂಪು ಕಂಡಿತು. ಅವನು ಖುಷಿಯಾದ. ನನಗೆ ಮಾತ್ರ ಆ ಹೊಳಪಿಲ್ಲದ ಕರಿ ಟ್ಯಾಂಕನ್ನು ನೋಡಿದಾಗೆಲ್ಲ ಯಾರದೋ ಮುಖಕ್ಕೆ ಬಟ್ಟೆ ಮುಚ್ಚಿದಂತೆ ಅನ್ನಿಸುತ್ತಿತ್ತು.

ಪೂಜೆಯ ಹಿಂದಿನ ಸಂಜೆ ಪೆಟ್ರೋಲು ತುಂಬಿಸಿಕೊಂಡು ಬಂದು ಗಾಡಿಯನ್ನು ಪಡಸಾಲೆಯಲ್ಲಿ, ಜಾಳಿಗೆ ಬಾಗಿಲ ಒಳಗೆ ನಿಲ್ಲಿಸಿದ. ಮುಂಜಾನೆ ಎದ್ದು ಬಂದವಳಿಗೆ ವಾಸನೆ ಬಡಿಯಿತು. ನಿಮ್ಮ ಅವ್ವ ಗಾಡಿಯ ಸುತ್ತ ರಂಗೋಲಿ ಹಾಕುತ್ತಿದ್ದಳು.

"ವಾಸನಿ ಬರಾಕತ್ತೈತಲ್ಲ, ತಂಗಿ?"

"ಹೊಸಾ ಬಣ್ಣದ್ರಿ ಅತ್ತಿ. ವಾರದಿಂದ ಹಂಗ ಹೊಡ್ಯಾಕತ್ತೈತಿ."

ಅದೂ ಖರೆ. ವಾರದಿಂದ ಮನೆಯೆಲ್ಲ ಅದೇ ನಾತ. ಯಾವುದು ಯಾವುದರ ವಾಸನೆ ಎಂದು ನನ್ನ ಮೂಗಿಗೂ ತಿಳಿಯದಾಗಿತ್ತು. ಆದರೂ ಅವಳು ಒಳಗೆ ಹೋದ ಮೇಲೆ ಬಗ್ಗಿ ಟ್ಯಾಂಕಿನ ತಳಕ್ಕೆ ಕೈ ಹಚ್ಚಿದೆ. ಆ ಮೂಲೆಯಲ್ಲಿ ರಬ್ಬರು ಉಬ್ಬಿತ್ತು. ಕೀವು ತುಂಬಿದ ಕುರುವಿನಂತೆ ಮೆತ್ತಗೆ, ತಣ್ಣಗೆ ಅಲುಗಿತು. ಕೈ ಹಿಂದೆ ತೆಗೆದುಕೊಂಡೆ.

ನಿಮ್ಮ ಅಪ್ಪ ಜಳಕಕ್ಕೆ ಹೋಗಿದ್ದ. ಬಾಗಿಲ ಹೊರಗಿನಿಂದ ಕೂಗಿ ಹೇಳಿದೆ. ನೀರಿನ ಸಪ್ಪಳದಲ್ಲಿ, "ಬಂದೆ ಬೇ" ಅಂದದ್ದು ಮಾತ್ರ ಕೇಳಿತು. ಅವನು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಜನ ಕೂಡಿದ್ದರು. ಆಜೂಬಾಜೂ ಮನೆಯವರು, ಆರತಿ ಹಿಡಿಯಲು ಕರೆದಿದ್ದ ಎದುರು ಮನೆಯಾಕೆ.

"ಏನೋ ತಮ್ಮಾ, ಕೋಣಕ್ಕ ಆರತಿ ಮಾಡಿಸಾಕತ್ತೀಯೇನ? ಪಾಡಾಗಿ ಕೆಂಪಗ ಇತ್ತು" ಎಂದು ಆಕೆ ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು. ಕೋಣ ಎಂಬ ಮಾತು ನನಗೆ ಸೇರಲಿಲ್ಲ.

ಆರತಿಯ ಹೊತ್ತಿಗೆ ನಾನು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ನಿಲ್ಲು ಎಂದು ಯಾರೂ ಹೇಳಿದ್ದಲ್ಲ; ಅಜ್ಜ ಹೋದ ವರ್ಷದಿಂದ ನಾನೇ ಹಾಗೆ ನಿಂತೆ, ಮನೆ ಅದಕ್ಕೆ ಹೊಂದಿಕೊಂಡಿತು. ಅಲ್ಲಿಂದಲೇ ನಿಮ್ಮ ಅಪ್ಪನಿಗೆ, "ತಮ್ಮಾ, ತಡಿ" ಅಂದೆ. ಶಂಖ ಊದುತ್ತಿದ್ದರು. ಅಪ್ಪಿ, ಫೋಟೋಕ್ಕೆಂದು ನಿನ್ನನ್ನು ಆ ಟ್ಯಾಂಕಿನ ಮೇಲೆ ಕೂರಿಸಿದ್ದರು. ಪುಟ್ಟಿ, ನೀನು ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟು ಅಲ್ಲೇ ಕೂತಿದ್ದೆ. ತಟ್ಟೆಯಲ್ಲಿ ಕರ್ಪೂರ ಹೊತ್ತಿತು.

ಆಗ ನನ್ನ ಕಣ್ಣು ನೆಲಕ್ಕೆ ಬಿತ್ತು. ಬಿಳಿ ರಂಗೋಲಿಯ ಎಳೆಯೊಂದು ತೊಯ್ದು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಪಕ್ಕದ ಎಳೆಗೂ ಹಬ್ಬಿತು. ಎದುರು ಮನೆಯಾಕೆ ಗಾಲಿಗೆ ಬೆಳಗಲು ತಟ್ಟೆ ಹಿಡಿದು ಬಗ್ಗತೊಡಗಿದ್ದಳು.

ಹೊಸ್ತಿಲು ಹೇಗೆ ದಾಟಿದೆನೋ ನೆನಪಿಲ್ಲ. ಆಕೆಯ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡು ಅಡುಗೆಮನೆ ಹಾದು ಹಿತ್ತಲಿಗೆ ಓಡಿದೆ. ಬೆರಳು ಸುಟ್ಟಿತು. ಹಿಂದೆ ಆಕೆಯ ದನಿ: "ಏನ್ರಿ ಅಕ್ಕಾರ ಇದು? ಮುತ್ತೈದಿ ಕೈಯಾನ ಆರತಿ ಕಸಗೊಂಡ್ರಿ?"

ಅಷ್ಟರಲ್ಲಿ ರಬ್ಬರಿನ ಗುಳ್ಳೆ ಒಡೆದು ಪೆಟ್ರೋಲು ಸುರಿಯುವ ಸಪ್ಪಳ ಹಿತ್ತಲಿನವರೆಗೆ ಕೇಳಿತು. ನಿಮ್ಮ ಅಪ್ಪ ನಿಮ್ಮಿಬ್ಬರನ್ನೂ ಬಾಚಿಕೊಂಡು ಹೊರಗೆ ಹಾರಿದ. ಅಪ್ಪಿ, ನಿನ್ನ ಬಲಗಾಲು ತೊಯ್ದು ತೊಟ್ಟಿಕ್ಕುತ್ತಿತ್ತು. ನಾನು ಕರ್ಪೂರದ ಮೇಲೆ ಮಣ್ಣು ಸುರಿದು, ಅದು ಆರಿತೆಂದು ಗೊತ್ತಾಗುವವರೆಗೆ ಅಲ್ಲೇ ಕುಕ್ಕರಿಸಿದ್ದೆ. ಆರತಿಗೆ ಮಣ್ಣು ಹಾಕಿದ ಕೈ ಅದು. ಓಣಿಯವರು ಇವತ್ತಿಗೂ ಪೆಟ್ರೋಲಿನ ಮಾತಾಡುವುದಿಲ್ಲ, ಈ ಕೈಯ ಮಾತೇ ಆಡುತ್ತಾರೆ. ನಿಮ್ಮ ಅವ್ವ ಮಾತ್ರ ಆ ಸಂಜೆ ನನ್ನ ಬೆರಳಿಗೆ ಬೆಣ್ಣೆ ಹಚ್ಚಿದಳು.

ಆಮೇಲೆ ನಿಮ್ಮ ಅಪ್ಪ ರಬ್ಬರನ್ನು ಸುಲಿದ. ತಳದಲ್ಲಿ ಅದು ಕರಗಿ ಅಂಟಾಗಿತ್ತು. ಬದಿಗಳಲ್ಲಿ ಇಡೀ ತೊಗಲಾಗಿ ಬಂತು. ತಿರುಗಿಸಿ ನೋಡಿದರೆ ಒಳಮೈಗೆ ಕೆಂಪು ಹತ್ತಿಕೊಂಡಿತ್ತು. ಸವೆದು ತೆಳುವಾಗಿದ್ದ ಆ ಗುಲಾಬಿ ಭಾಗ ಎರಡೂ ಕಡೆಯಿಂದ ಕಿತ್ತುಬಂದು, ಟ್ಯಾಂಕಿನ ಮೇಲೆ ಬರಿ ತಗಡು ಉಳಿದಿತ್ತು.

"ಅಪ್ಪನ ಮೊಣಕಾಲ ಇದರ ಕೂಡ ಬಂತಲ್ಲ ಬೇ" ಎಂದು ಅದನ್ನು ಹಿಡಿದುಕೊಂಡೇ ನಿಂತ.

ಈಗ ಬೆಂಗೇರಿಯಲ್ಲಿ ತೂತಿಗೆ ಬೆಸುಗೆ ಹಾಕಿಸಿದ್ದಾನೆ. ಮತ್ತೆ ಅದೇ ರಬ್ಬರು ಊದುತ್ತಾನಂತೆ, ಬರಿ ತಗಡು ನೋಡಲಾಗುವುದಿಲ್ಲವಂತೆ. ಹೊಸ ಡಬ್ಬಿಗಳು ಗೋಡೆಯ ಮಾಡದಲ್ಲಿ ಬಂದು ಕೂತಿವೆ. ಈ ಸಲ ಏನೂ ಆಗುವುದಿಲ್ಲ ಎನ್ನುತ್ತಾನೆ. ಹೋದ ಸಲವೂ ಅದೇ ದನಿಯಲ್ಲಿ ಅಂದಿದ್ದ. ಬೆಸುಗೆಯ ಪಕ್ಕದ ತಗಡು ಬೆರಳಿಟ್ಟರೆ ಪುಡಿಪುಡಿಯಾಗಿ ಹತ್ತುತ್ತದೆ. ಹೇಳಿದ್ದೇನೆ. ಕರಿ ತೊಗಲು ಕೂತ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ನಾನಿರುವವರೆಗೆ ದಿನಾ ಮುಂಜಾನೆ ಬಗ್ಗಿ ಮುಟ್ಟಿ ನೋಡುತ್ತೇನೆ.

ನಿಮ್ಮ ಕಾಲಕ್ಕೆ ಗಾಡಿಯ ಮುಂದೆ ದೀಪ ಹಚ್ಚುವ ಮೊದಲು ನೀವೂ ಆ ಮೂಲೆಗೆ ಕೈ ಹಚ್ಚಿ. ಈ ಹಾಳೆಗಳನ್ನು ಗಾಡಿಯ ಕಾಗದಗಳಿರುವ ಚೀಲದಲ್ಲೇ ಸೇರಿಸಿ, ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳಾ.