ನನಗೆ ಸಿಗದ ಬೈಗುಳ

ನಮ್ಮತ್ತೆಯ ನಾಲಿಗೆಗೆ ರಾಣೇಬೆನ್ನೂರಿನ ನಮ್ಮ ಓಣಿಯೇ ಹೆದರುತ್ತದೆ. ಹಾಲಿನವನು ಪಾತ್ರೆಗೆ ಹಾಲು ಸುರಿದು ತಲೆ ಎತ್ತದೆ ಹೋಗುತ್ತಾನೆ. ನಲವತ್ತು ದಾಟಿದ ನನ್ನ ಗಂಡ ಚಪ್ಪಲಿ ವಾರೆಯಾಗಿ ಬಿಟ್ಟದ್ದಕ್ಕೆ ಈಗಲೂ ಬೈಸಿಕೊಳ್ಳುತ್ತಾರೆ. ಇಂಥ ಮನೆಗೆ ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ನನಗೆ ಮಾತ್ರ ಅವರು ಒಂದು ದಿನವೂ ಬೈದಿಲ್ಲ.

"ಪುಣ್ಯ ಮಾಡೀಯವಾ" ಎನ್ನುತ್ತಾರೆ ಓಣಿಯ ಹೆಂಗಸರು. ಮೊದಮೊದಲು ನಾನೂ ಬೀಗಿದ್ದೆ. ದಿನಾ ಬಸ್ಸಿನಲ್ಲಿ ಹಾವೇರಿಗೆ ನೌಕರಿಗೆ ಹೋಗುವವಳಲ್ಲವೇ, ಅದಕ್ಕೇ ಈ ಮರ್ಯಾದೆ ಅಂತ. ಆಮೇಲೆ ಮೈದುನನ ಮದುವೆಯಾಗಿ ಮೇಡ್ಲೇರಿಯಿಂದ ನೆಗೆಣ್ಣಿ ಬಂದಳು. ಬಂದ ಮೂರನೇ ದಿನವೇ ಅತ್ತೆ ಅವಳ ರೊಟ್ಟಿ ಎತ್ತಿ ಹಿಡಿದರು. "ಇದೇನ ರೊಟ್ಟ್ಯೋ, ಹರದ ಕೌದಿನೋ? ನಿಮ್ಮವ್ವ ಏನೂ ಕಲಿಸಿಲ್ಲೇನ ನಿನಗ? ಸರಿ ಅತ್ಲಾಗ!" ಅಂದವರೇ ಅವಳ ಪಕ್ಕ ಕೂತು, ಕೈ ಹಿಡಿದು ತಟ್ಟಿಸಿದರು. ನನ್ನ ರೊಟ್ಟಿ ಅದಕ್ಕಿಂತ ಕಡೆ. ಅದನ್ನು ಅವರು ಸುಮ್ಮನೆ ತಮ್ಮ ತಾಟಿಗೆ ಹಾಕಿಕೊಂಡು ತಿನ್ನುತ್ತಿದ್ದರು.

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಬೈಯುತ್ತ ಬೈಯುತ್ತಲೇ ಅತ್ತೆ ಅವಳಿಗೆ ಮನೆಯನ್ನೆಲ್ಲ ಒಪ್ಪಿಸಿಬಿಟ್ಟರು. ಉಪ್ಪಿನಕಾಯಿ ಹಾಕುವುದು ಅವಳು, ಹಬ್ಬಕ್ಕೆ ಹೂರಣ ರುಬ್ಬುವುದು ಅವಳು. ಮೆಣಸಿನಕಾಯಿ ಆರಿಸಲು ಬ್ಯಾಡಗಿಗೆ ಹೊರಟರೂ ಜೊತೆಗೆ ಅವಳೇ. ಬಸ್ಸಿಳಿದು ಮನೆ ಮುಟ್ಟುವವರೆಗೂ ಅತ್ತೆ ಅವಳಿಗೆ ಉಗಿಯುತ್ತಲೇ ಬರುತ್ತಿದ್ದರು, ಆದರೂ ಇಬ್ಬರ ಮುಖವೂ ಅರಳಿರುತ್ತಿತ್ತು. ನನಗೆ ಮಾತ್ರ, "ದಣದ ಬಂದಿ, ಕುಂದ್ರವಾ." ಬೀಗರಿಗೆ ಹೇಳುವ ಮಾತು ಅದು. ಹನ್ನೊಂದು ವರ್ಷವಾದರೂ ಆ ಮನೆಗೆ ನಾನು ಬೀಗರ ಪೈಕಿ. ಇದನ್ನು ಯಾರಿಗೆ ಹೇಳಿಕೊಳ್ಳಲಿ? ಅತ್ತೆ ಬೈಯುವುದಿಲ್ಲ ಎಂದು ಅತ್ತರೆ ಜನ ನಗುತ್ತಾರೆ.

ಈ ಬೇಸಿಗೆಯಲ್ಲಿ, ವರ್ಷದ ಮಸಾಲಿ ಖಾರ ಮಾಡುವ ದಿನ, ನಾನು ಹಟ ಹಿಡಿದು ರಜೆ ಹಾಕಿದೆ. ಹಿತ್ತಲಿನ ಒಲೆಯ ಮೇಲೆ ದೊಡ್ಡ ಬಾಣಲೆಯಿಟ್ಟು ನೆಗೆಣ್ಣಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಒಳಗೆ ಅವಳ ಕೂಸು ಅತ್ತಿತು. "ನೀ ಹೋಗು, ನಾ ನೋಡ್ಕೋತೀನಿ" ಎಂದು ಸೌಟು ಇಸಿದುಕೊಂಡೆ. ಒಬ್ಬಳೇ ಕೂತಾಗ ಆ ಬುದ್ಧಿ ಬಂತು. ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿ, ಸೌಟು ಕೆಳಗಿಟ್ಟು, ಮೆಣಸಿನಕಾಯಿ ಕರ್ರಗಾಗುವವರೆಗೂ ಕೈಕಟ್ಟಿ ಕೂತೆ. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ಅತ್ತೆ ಮೂಗಿಗೆ ಸೆರಗು ಹಿಡಿದು ಓಡಿ ಬಂದರು. ನಾನು ಎದ್ದು ನಿಂತೆ. ಕೊನೆಗೂ ನನ್ನ ಪಾಳಿ ಬಂತು ಎಂದುಕೊಂಡೆ.

ಅವರು ಬಾಣಲೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮನೆಯೊಳಕ್ಕೆ ತಿರುಗಿ ಒದರಿದರು. "ಲೇ, ಎಲ್ಲಿ ಹಾಳಾಗಿ ಹೋಗೀದಿ? ಆಕೀ ಕೈಯಾಗ ಯಾಕ ಕೊಟ್ಟಿ ಸೌಟ? ಆಕೀಗೇನ ಗೊತ್ತಾಗತೈತಿ?" ನೆಗೆಣ್ಣಿ ಕೂಸನ್ನು ಎತ್ತಿಕೊಂಡು ಬಂದು ತಲೆ ತಗ್ಗಿಸಿ ನಿಂತಳು. ಅವಳ ಜನ್ಮ ಜಾಲಾಡಿದರು.

ನಾನು ಮಾಡಿದ ತಪ್ಪೂ ಅವಳ ಪಾಲಾಯಿತು. ನನಗೆ ತಡೆಯಲಾಗಲಿಲ್ಲ.

"ಸುಟ್ಟಾಕಿ ನಾನ ರೀ ಅತ್ತೀ! ಬೇಕಂತನ ಸುಟ್ಟೇನಿ. ಬೈಯೂದಿದ್ರ ನನಗ ಬೈರಿ!" ಎಂದು ಕೂಗಿದೆ.

ಅತ್ತೆ ಒಲೆಯ ಕಟ್ಟಿಗೆ ಹೊರಗೆಳೆದರು. ಆಮೇಲೆ ನೆಗೆಣ್ಣಿಗೆ ಹೇಳಿದರು, "ಕೇಳಿದಿ? ನಿನ್ನ ತಪ್ಪ ತನ್ನ ಮ್ಯಾಲೆ ಹಾಕ್ಕೊಂಡ್ಲು ನಿಮ್ಮಕ್ಕ. ದೊಡ್ಡ ಮನಸು ಅಂದ್ರ ಅದು. ನೋಡಿ ಕಲಿ, ಹುಚ್ಚಿ!" ನನ್ನ ಕಡೆ ತಿರುಗಿದಾಗ ದನಿ ಮೆತ್ತಗಾಗಿತ್ತು. "ಒಳಗ ನಡೀವಾ, ಇಲ್ಲಿ ಘಾಟ ಐತಿ."

ಒಳಗೆ ಹೋಗಿ ಕೂತೆ. ನೆಗೆಣ್ಣಿ ಹಿಂದೆಯೇ ಬಂದು, ಕೂಸನ್ನು ಮಲಗಿಸಿ, ನನ್ನ ಕೈ ಹಿಡಿದುಕೊಂಡಳು. "ನನ್ನ ಸಲುವಾಗಿ ಸುಳ್ಳ ಹೇಳಿದ್ರಿ ಅಕ್ಕಾರ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ಕೂಗು, "ಎಲ್ಲಿ ಸತ್ತೀಲೇ? ಬಾಣಲಿ ನಾ ತಿಕ್ಕಲೇನ?" ಅವಳು ಕೈ ಬಿಟ್ಟು ಓಡಿದಳು. ನನ್ನನ್ನು ಯಾರೂ ಕರೆಯಲಿಲ್ಲ.